ಎಸ್ಮತ್ ದೊಡ್ಡಮ್ಮ ಗಣಿತ ನೇಯಿಸಿದ್ದು

ನನ್ನ ಕ್ಲಾಸಿನ ತರ್ಲಾನ್‌ಗೆ ಸಲಹೆಗೇನೂ ಬರ ಇರಲಿಲ್ಲ. ನಮ್ಮ ಕಾಶಾನ್ ಊರಿನಲ್ಲಿ, ಗಮನ ಒಂದು ಕಡೆ ನಿಲ್ಲದ ಅವಳ ಎಡಿಎಚ್‌ಡಿ ಎಂದರೇನು ಎಂದು ಗೊತ್ತಿದ್ದವರು ಒಬ್ಬಿಬ್ಬರು. ಅದನ್ನು ವಾಸಿ ಮಾಡಬಲ್ಲವರು ಮಾತ್ರ ಮನೆಮನೆಯಲ್ಲೂ ಇದ್ದರು. ಮಾತ್ರೆ ನುಂಗಿದರೆ ಅವಳಿಗೆ ಎದೆ ಹೊಡೆದುಕೊಳ್ಳುತ್ತಿತ್ತು, ಅನ್ನ ಸೇರುತ್ತಿರಲಿಲ್ಲ. ಡಾಕ್ಟರೇ "ಸದ್ಯಕ್ಕೆ ಬೇಡ, ಬೇರೆ ದಾರಿ ನೋಡೋಣ" ಎಂದಿದ್ದರು. ನೋಡಲು ಇಡೀ ಬೀದಿಯೇ ಹೊರಟಿತು. ಅವಳ ಸೋದರತ್ತೆ ಮೊಸರು ನಿಲ್ಲಿಸಿದರು, ಅದು ತಂಪಂತೆ, ತಲೆ ಮಂಕಾಗುತ್ತದಂತೆ. ಎದುರುಮನೆಯಾಕೆ ದೃಷ್ಟಿ ತೆಗೆಯಲು ಇಸ್ಪಂದ್ ಬೀಜದ ಹೊಗೆ ಹಾಕಿದರು; ತರ್ಲಾನ್ ಗಮನ ಕೆಮ್ಮಿನ ಮೇಲಾದರೂ ನಿಂತಿತು. ನಮ್ಮ ಹೆಡ್‌ಮಿಸ್ಟ್ರೆಸ್ ಸಾಬೆರಿಫರ್ ಮೇಡಂ ಅವರದಂತೂ ಎಲ್ಲಕ್ಕಿಂತ ಸುಲಭದ ಮದ್ದು. "ಗಮನ ಕೊಡು ಅಂದ್ರೆ ಕೊಡೋದಮ್ಮ, ಅದರಲ್ಲೇನಿದೆ?" ಎಂಥ ಬುದ್ಧಿವಂತಿಕೆ! ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಜೊತೆಗೆ ಇನ್ನೊಂದು ಮಾತೂ ಹೇಳಿದರು: ಹತ್ತನೇ ಕ್ಲಾಸಿನ ಗಣಿತದಲ್ಲಿ ಈ ಸಲ ಇಪ್ಪತ್ತಕ್ಕೆ ಹತ್ತು ಬರದಿದ್ದರೆ ಶಾಲೆಯಿಂದ ಹೆಸರು ತೆಗೆಯುತ್ತಾರೆ.

ಆಗ ಬಂದರು ಎಸ್ಮತ್ ದೊಡ್ಡಮ್ಮ. ತರ್ಲಾನ್ ಅಮ್ಮನ ಅಕ್ಕ. ಓದಿದ್ದು ಐದನೇ ಕ್ಲಾಸು, ಮದುವೆಯಾಗಲಿಲ್ಲ, ಮೂವತ್ತೆಂಟು ವರ್ಷ ಜಮಖಾನೆ ಕಾರ್ಖಾನೆಯಲ್ಲಿ ನಕ್ಷೆ ಕೂಗುವವರಾಗಿದ್ದರು. ಅಂದರೆ ಚೌಕಳಿ ಹಾಳೆಯ ಮೇಲಿನ ವಿನ್ಯಾಸ ನೋಡಿಕೊಂಡು "ಎರಡು ಕೆಂಪು, ಒಂದು ಚೌಕ ದಾಟಿ ಒಂದು ನೀಲಿ" ಎಂದು ರಾಗವಾಗಿ ಕೂಗುವುದು. ಮಗ್ಗದ ಮುಂದಿನ ಹೆಂಗಸರು ಗಂಟು ಹಾಕಿ "ಹಾಕ್ದೆ" ಎಂದು ತಿರುಗಿ ಕೂಗುವುದು. ಆ ದನಿ ಎಂಥದ್ದೆಂದರೆ, ಗೋಡೆಯಾಚೆ ನಮ್ಮ ಮನೆಯಲ್ಲಿ ಮಲಗಿದ್ದ ನನ್ನ ತಮ್ಮನಿಗೂ ಆಮೇಲೆ ಗಣಿತ ಬಂದುಬಿಟ್ಟಿತು. ಅವನಿಗೆ ಆರು ವರ್ಷ.

"ಇವಳು ನಮ್ಮನೆ ಮಗ್ಗದ ಮುಂದೆ ಎರಡು ಗಂಟೆ ಕೂರ್ತಾಳೆ. ಪುಸ್ತಕದ ಮುಂದೆ ಎರಡು ನಿಮಿಷ ಇಲ್ಲ. ಹಂಗಾದ್ರೆ ತಪ್ಪು ಯಾರ್ದು?" ಎಂದರು ದೊಡ್ಡಮ್ಮ.

"ಮಗ್ಗದ್ದಾ?" ಎಂದಳು ತರ್ಲಾನ್.

"ಪುಸ್ತಕದ್ದು ಕಣೇ, ಕತ್ತೆ."

ಏಳು ಪಾಠದ ಪುಸ್ತಕವನ್ನೇ ಚೌಕಳಿ ಹಾಳೆಗೆ ಇಳಿಸಿದರು. ಒಂದು ಪಾಠಕ್ಕೆ ಒಂದು ಸಾಲು, ಒಂದು ಲೆಕ್ಕಕ್ಕೆ ಒಂದು ಚೌಕ. ದೊಡ್ಡಮ್ಮ ಕೂಗುವರು, ತರ್ಲಾನ್ ಆ ಒಂದೇ ಲೆಕ್ಕ ಮಾಡಿ, ಪುಟ್ಟ ಮಗ್ಗದಲ್ಲಿ ಒಂದು ಗಂಟು ಹಾಕಿ "ಹಾಕ್ದೆ!" ಎನ್ನುವಳು. ಎಂಟು ಗಂಟಾದರೆ ಮಾಳಿಗೆಗೆ ಓಡಿ ಇಳಿದು ಬರುವುದು. ಒಂಬತ್ತರ ವರ್ಗಮೂಲ ದೊಡ್ಡಮ್ಮನ ಬಾಯಲ್ಲಿ "ಸೂರು ಹೊದ್ದ ಒಂಬತ್ತು" ಆಯಿತು. ಆದರೇನು, ಉತ್ತರ ಸರಿಯಾಗಿ ಬರುತ್ತಿತ್ತು. ಎರಡು ತಿಂಗಳಲ್ಲಿ ಏಳು ಸಾಲೂ ತುಂಬಿ, ದೊಡ್ಡಮ್ಮ ಬೀದಿಗೆಲ್ಲ ಸೋಹನ್ ಮಿಠಾಯಿ ಹಂಚಿದರು.

ಮಿಠಾಯಿ ತಿನ್ನುತ್ತಾ ನಾನು ಕೇಳಿದೆ, "ಆರನೇ ಪಾಠ ಭಾರಿ ಕಷ್ಟ ಅಲ್ವಾ ತರ್ಲಾನ್?"

"ಯಾವ ಆರನೇದು?"

ಮಗ್ಗದ ಸಾಲುಗಳನ್ನು ನಕ್ಷೆಯ ಪಕ್ಕದಲ್ಲಿ ಹಿಡಿದು ನೋಡಿದೆವು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮೂರು, ಎರಡು, ಒಂದು. ಏಳು ಸಾಲು, ಒಂದೂ ಕಮ್ಮಿಯಿಲ್ಲ! ಜಮಖಾನೆಗೆ ಯಾರೂ ಪೂರ್ತಿ ನಕ್ಷೆ ಬರೆಯುವುದಿಲ್ಲವಲ್ಲ. ಅರ್ಧ ಬರೆದು, ನಡುವಿನ ತನಕ ಹೋಗಿ, ಅದನ್ನೇ ಹಿಂದುಮುಂದಾಗಿ ಕೂಗಿದರೆ ಉಳಿದರ್ಧ ತಾನೇ ಬರುತ್ತದೆ. ಮೂವತ್ತೆಂಟು ವರ್ಷದ ಅಭ್ಯಾಸ. ಗಣಿತದ ಪುಸ್ತಕಕ್ಕೆ ಮಾತ್ರ ಈ ನಿಯಮ ಯಾರೂ ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಗೆ ಒಂಬತ್ತು ದಿನ ಇತ್ತು.

"ಮಾಡಿದ್ದೇ ಮತ್ತೆ ಬರ್ತಿದೆ ಅಂತ ನಿಂಗೆ ಗೊತ್ತಾಗ್ಲಿಲ್ವಾ?" ದೊಡ್ಡಮ್ಮನ ದನಿ ಮೊದಲ ಸಲ ಸಣ್ಣದಾಗಿತ್ತು.

"ಗೊತ್ತಾಯ್ತು. ನೀವೇ ಕೂಗ್ತಿದೀರಲ್ಲ ಅಂತ ಸುಮ್ನಿದ್ದೆ."

"ಹುಟ್ಟಿದಾಗಿಂದ ಒಂದಿನ ಸುಮ್ನಿರದೋಳು, ಈಗಲೇ ಇರಬೇಕಿತ್ತಾ ನನ್ನಮ್ಮ?"

ತರ್ಲಾನ್ ಅಮ್ಮ ಅಡಿಗೆಮನೆಯಲ್ಲಿ ಅತ್ತರು. ಸೋದರತ್ತೆ, ತರ್ಲಾನ್ ಕದ್ದು ಮೊಸರು ತಿಂದಿರಬೇಕು ಎಂದರು. ದೊಡ್ಡಮ್ಮ ಮಾತ್ರ ಹೊಸ ಹಾಳೆ ತೆಗೆದು, ಉಳಿದ ಮೂರನ್ನೂ ಹಿಡಿದರೆ ಮೂರೂ ಬಿಟ್ಟುಹೋಗುತ್ತವೆಂದು ಐದನೇ ಪಾಠ ಒಂದನ್ನೇ ಇಳಿಸಿದರು. ಒಂಬತ್ತು ದಿನ ಅದೇ. ಆರು, ಏಳು ದೇವರ ಪಾಲು.

ಪರೀಕ್ಷೆಗೆ ಕೈಯಲ್ಲಿ ನಾಲ್ಕೆಳೆ ಉಣ್ಣೆ ಇಟ್ಟುಕೊಳ್ಳಲಿ ಎಂದು ಕೇಳಲು ದೊಡ್ಡಮ್ಮ ಶಾಲೆಗೂ ಹೋದರು.

"ಇದು ಶಾಲೆ ಖಾನುಂ, ಕಾರ್ಖಾನೆ ಅಲ್ಲ," ಎಂದರು ಮೇಡಂ.

"ಗೊತ್ತು ಬಿಡಿ. ಕಾರ್ಖಾನೇಲಿ ಕೆಲಸ ಕಲಿಸ್ತಿದ್ರು," ಎಂದು ತಲೆಮೇಲಿನ ಚಾದರ ಸರಿಮಾಡಿಕೊಂಡು ಬಂದರು. ಉಣ್ಣೆಗೆ ಒಪ್ಪಿಗೆ ಸಿಗಲಿಲ್ಲ.

ಪರೀಕ್ಷೆಯ ದಿನ ನಾನು ಅವಳ ಹಿಂದಿನ ಬೆಂಚು. ತರ್ಲಾನ್ ತಲೆವಸ್ತ್ರದ ಅಂಚು ಬಿಚ್ಚಿ ಎಳೆ ತೆಗೆದಳು. ಒಂದು ಲೆಕ್ಕ, ಒಂದು ಗಂಟು, ತುಟಿಯಲ್ಲೇ "ಹಾಕ್ದೆ". ಆರು, ಏಳರ ಪ್ರಶ್ನೆಗಳನ್ನು ಮುಟ್ಟಲೇ ಇಲ್ಲ. ಎರಡು ಗಂಟೆ ಹೊತ್ತು ಬೆಂಚಿನಿಂದ ಏಳಲೂ ಇಲ್ಲ. ಅದನ್ನು ನೋಡಿ ನನ್ನ ಎರಡು ಲೆಕ್ಕ ತಪ್ಪಿದವು.

ಹನ್ನೊಂದು ಬಂತು. ಹೆಸರು ಉಳಿಯಿತು. ಮೇಡಂ "ನಾನು ಗದರಿದ್ದಕ್ಕೇ ಸರಿಹೋದಳು" ಎಂದು ಎಲ್ಲರ ಮುಂದೆ ಹೇಳಿದರು. ಪಾಪ, ಅವರಿಗೂ ಏನಾದರೂ ಸಿಗಬೇಕಲ್ಲ.

ಈಗ ಹನ್ನೊಂದನೇ ಕ್ಲಾಸಿನ ಪುಸ್ತಕ ಹಾಳೆಗೆ ಇಳಿಯುತ್ತಿದೆ. ಈ ಸಲ ಪೂರ್ತಿ, ತರ್ಲಾನ್ ಪಕ್ಕದಲ್ಲೇ ಕೂತು ಸಾಲು ಎಣಿಸುತ್ತಿದ್ದಾಳೆ. ನೀವೂ ಒಮ್ಮೆ ಹೋಗಿ. ಹಳೇ ಹಮಾಮು ಸ್ನಾನಗೃಹದ ಹಿಂದಿನ ಓಣಿ, ನೀಲಿ ಬಾಗಿಲು. ಸಂಜೆ ನಾಲ್ಕರ ಮೇಲಾದರೆ ಬಾಗಿಲು ಹುಡುಕುವುದೂ ಬೇಡ, ದನಿ ಹಿಡಿದು ನಡೆದರೆ ಸಾಕು. ನಿಮ್ಮ ಮನೆಯಲ್ಲೂ ಒಂದು ಕಡೆ ಕೂರದ ಮಗುವಿದ್ದರೆ ಕರೆದುಕೊಂಡು ಹೋಗಿ. ಚಹಾ ಕೊಡುತ್ತಾರೆ, ಬೈಯುತ್ತಾರೆ, ಆಮೇಲೆ ಮಗುವಿನ ಕೈಗೆ ಉಣ್ಣೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.