ಕೊನೆಯ ಸೀಟಿನವರೆಗೆ

ಅರಸೀಕೆರೆಯಲ್ಲಿ ಸಿಸ್ಟರುಗಳು ನಡೆಸುವ ಶಾಲೆ ನಮ್ಮದು. ಬೇಸಿಗೆ ರಜೆ ಮುಗಿಯುವ ಮುನ್ನ ಪ್ರತಿವರ್ಷ ಒಂದು ದಿನ ರಿಟ್ರೀಟ್, ಅಂದರೆ ಊರಾಚೆ ಹೋಗಿ ಪ್ರಾರ್ಥನೆ, ಧ್ಯಾನ ಮಾಡುವ ದಿನ, ಇರುತ್ತದೆ. ಪಾಠ ಹೇಳುವವರು, ಆಫೀಸಿನವರು, ಆಯಾಗಳು, ಬಸ್ಸಿನ ಡ್ರೈವರುಗಳು, ಎಲ್ಲರೂ ಹೋಗಲೇಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದಕ್ಕೆ ಮನೆಯಲ್ಲಿ ಸಣ್ಣ ರಾಮಾಯಣವೇ ಆಗಿತ್ತು. ನಾವು ಕಣಕಟ್ಟೆ ಕಡೆಯ ತೆಂಗಿನ ತೋಟದವರು, ಕೊರಳಲ್ಲಿ ಲಿಂಗ ಕಟ್ಟಿದವರು, ಮಠಕ್ಕೆ ನಡೆದುಕೊಳ್ಳುವವರು. "ಪಾಠ ಹೇಳೋಕೆ ಹೋದೋಳಿಗೆ ಅವರ ಪ್ರಾರ್ಥನೆ ಯಾಕೆ ಬೇಕಂತೆ?" ಎಂದು ಅತ್ತೆ ಮುಖ ಗಂಟಿಕ್ಕಿದ್ದರು. ಹೋಗಿ ಬಂದ ಮೇಲೆ ಗೊತ್ತಾಯಿತು, ಅಲ್ಲಿ ಯಾರೂ ಯಾರ ಲಿಂಗವನ್ನೂ ಮುಟ್ಟುವುದಿಲ್ಲ. ಹೊರಗಿನಿಂದ ಒಬ್ಬ ಫಾದರ್ ಬರುತ್ತಾರೆ, ಮಕ್ಕಳನ್ನು ಪ್ರೀತಿಸಿ ಎನ್ನುತ್ತಾರೆ, ಒಳ್ಳೆಯ ಊಟ ಹಾಕುತ್ತಾರೆ. ನಾವು ಪ್ರೀತಿಸುವುದಾಗಿ ತಲೆಯಾಡಿಸಿ, ಸಾಯಂಕಾಲ ಹರಟುತ್ತ ಊರಿಗೆ ಬರುತ್ತೇವೆ.

ಈ ವರ್ಷ ಮಾತ್ರ ನನಗೆ ಹೋಗಲು ಸುತರಾಂ ಇಷ್ಟವಿರಲಿಲ್ಲ. ಕಾರಣ, ಬಸ್ ಓಡಿಸುವವನು ಅವನೇ ಎಂದು ಗೊತ್ತಾಗಿತ್ತು.

ಮಾರ್ಚಿನಲ್ಲಿ ನಡೆದದ್ದು ಅದು. ಹತ್ತನೇ ತರಗತಿಯವರಿಗೆ ಸಮಾಜದ ವಿಶೇಷ ಪಾಠ ಇದ್ದುದರಿಂದ ನಾನು ಬೆಳಿಗ್ಗೆ ಬೇಗ ಶಾಲೆಗೆ ಬರುತ್ತಿದ್ದೆ. ಯುಕೆಜಿಯಲ್ಲಿದ್ದ ಮಗಳು ಆಮೇಲೆ ಶಾಲೆಯ ಬಸ್ಸಿನಲ್ಲಿ ಬರುತ್ತಿದ್ದಳು. ಆವತ್ತು ಬಸ್ಸಿನ ಆಯಾ ರಜೆ. ಮಗಳು ಕೊನೆಯ ಸೀಟಿನಲ್ಲಿ ಮಲಗಿ ನಿದ್ದೆ ಹೋಗಿದ್ದಾಳೆ. ಎಲ್ಲ ಮಕ್ಕಳೂ ಇಳಿದರು ಎಂದುಕೊಂಡು ಡ್ರೈವರು ಬಾಗಿಲು ಹಾಕಿ, ಬಸ್ಸನ್ನು ಬಿಸಿಲಲ್ಲಿ ನಿಲ್ಲಿಸಿ, ಚಹಾ ಕುಡಿಯಲು ಹೋದ. ಅವಳ ಮಿಸ್ಸು, ಮಗು ಇವತ್ತು ಬಂದಿಲ್ಲ ಎಂದುಕೊಂಡರು. ಬ್ರೇಕಿನಲ್ಲಿ ಮಗಳನ್ನು ನೋಡಲು ಹೋದವಳು ಅವಳ ಜಾಗ ಖಾಲಿ ಇದ್ದುದನ್ನು ಕಂಡು ಹುಚ್ಚಿಯಂತೆ ಬಸ್ಸಿನ ಕಡೆಗೆ ಓಡಿದೆ. ಬಾಗಿಲು ತೆಗೆದಾಗ ಮಗು ಸೀಟಿನ ಕೆಳಗೆ ಬಿದ್ದಿತ್ತು. ಕೂದಲೆಲ್ಲ ಬೆವರಿಗೆ ತೊಯ್ದು, ತುಟಿ ಒಣಗಿ, ಅಮ್ಮಾ ಎನ್ನಲೂ ದನಿ ಇರಲಿಲ್ಲ.

ಬದುಕಿದಳು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಾರನೇ ದಿನ ಐಸ್‌ಕ್ರೀಮ್ ಕೇಳಿದಳು. ಆದರೆ ನಾನು ಇನ್ನೂ ಆ ಬಸ್ಸಿನ ಬಾಗಿಲಲ್ಲೇ ನಿಂತಿದ್ದೆ. ಡ್ರೈವರು ಬಾಣಾವರದ ಕಡೆಯ ರಾಗಿ ಹೊಲದವರು, ನನ್ನ ತಂದೆಯ ವಯಸ್ಸಿಗೆ ಹತ್ತಿರದವರು. ಶಾಲೆಯಲ್ಲಿ ಎಲ್ಲರೂ ಡ್ರೈವರಣ್ಣ ಎನ್ನುತ್ತಿದ್ದೆವು. ಆವತ್ತಿನಿಂದ ನನ್ನ ಬಾಯಲ್ಲಿ ಆ ಅಣ್ಣ ಬಿದ್ದುಹೋಯಿತು, ಬಹುವಚನವೂ ಬಿದ್ದುಹೋಯಿತು. ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೋಳೋ ಎಂದು ಅತ್ತರೂ ನಾನು ತಿರುಗಿ ನೋಡಲಿಲ್ಲ. ಹೆಡ್‌ಮಿಸ್ಟ್ರೆಸ್ ಆಗಿದ್ದ ದೊಡ್ಡ ಸಿಸ್ಟರ ಮುಂದೆ ನಿಂತು, "ಈ ಶಾಲೆಯಲ್ಲಿ ಆ ಮನುಷ್ಯ ಇರಬೇಕು, ಇಲ್ಲ ನಾನಿರಬೇಕು" ಎಂದೆ.

ಹೆಸರಿಗೆ ದೊಡ್ಡ ಸಿಸ್ಟರ್, ನಿಂತರೆ ನನ್ನ ಭುಜಕ್ಕೆ ಬರುತ್ತಾರೆ. ನಮ್ಮಲ್ಲಿಗೆ ಬರುವ ಮೊದಲು ಬಿಕ್ಕೋಡಿನ ಕಡೆ ಕಾಫಿ ತೋಟದ ಕೂಲಿಯವರ ನಡುವೆ ಬಹಳ ಕಾಲ ಇದ್ದವರು, ಸುಲಭಕ್ಕೆ ಬೆದರುವವರಲ್ಲ. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, "ನೀವು ತಾಯಿ. ನೀವು ಹೇಳಿದ ಹಾಗೇ ಮಾಡ್ತೀನಿ" ಎಂದರು. "ಆದ್ರೆ ಈಗ ಹೇಳ್ಬೇಡಿ ಮಿಸ್. ರಿಟ್ರೀಟ್ ಮುಗಿಸ್ಕೊಂಡು ಬಂದು ಹೇಳಿ. ಅಲ್ಲೀವರೆಗೂ ಅವರು ಮಕ್ಕಳನ್ನ ಹತ್ತಿಸ್ಕೊಳ್ಳೋದಿಲ್ಲ." ರಜೆಯಲ್ಲಿ ಪುಸ್ತಕದ ಕಟ್ಟು, ಸಿಮೆಂಟಿನ ಮೂಟೆ ತರಲು ಮಾತ್ರ ಅವನು ಆ ಬಸ್ಸನ್ನು ಓಡಿಸಿದ. ನಾನು ಉತ್ತರವನ್ನು ಬಾಯಲ್ಲೇ ಸಿದ್ಧವಾಗಿಟ್ಟುಕೊಂಡು ಕಾದೆ.

ಹಳೇಬೀಡಿನ ಹತ್ತಿರ ಸಿಸ್ಟರುಗಳದೊಂದು ಮನೆ ಇದೆ, ರಿಟ್ರೀಟ್ ಅಲ್ಲಿ. ಹೋಗುವಾಗ ನಾನು ಬೇಕೆಂದೇ ಕೊನೆಯ ಸೀಟಿನಲ್ಲಿ ಕೂತೆ. ಮುಂದಿನ ಕನ್ನಡಿಯಲ್ಲಿ ಅವನಿಗೆ ನನ್ನ ಮುಖ ಕಾಣಲಿ ಎಂದು. ಜಾವಗಲ್ ದಾಟುವವರೆಗೂ ಕನ್ನಡಿಯನ್ನೇ ದುರುಗುಟ್ಟಿ ನೋಡಿದೆ. ಅವನು ಒಂದು ಸಲವೂ ಕಣ್ಣೆತ್ತಲಿಲ್ಲ.

ಈ ಸಲ ಫಾದರ್ ಬಂದಿರಲಿಲ್ಲ. ದೊಡ್ಡ ಸಿಸ್ಟರೇ ಮಾತಾಡಿದರು, ಅದೂ ಸ್ವಲ್ಪ. "ರಾತ್ರಿ ಮಲಗೋ ಮುಂಚೆ ನಾವು ಸಿಸ್ಟರುಗಳು ಒಂದು ಕೆಲಸ ಮಾಡ್ತೀವಿ" ಎಂದರು. "ಆವತ್ತಿನ ದಿನದೊಳಗೆ ಇನ್ನೊಂದು ಸಲ ನಡ್ಕೊಂಡು ಹೋಗ್ತೀವಿ. ಓಡೋದಲ್ಲ, ನಡೆಯೋದು. ದೇವರು ಎಲ್ಲೆಲ್ಲಿ ಇದ್ರು, ನಾವು ಯಾರನ್ನ ನೋಡದೇ ಬಂದ್ವಿ, ಯಾರನ್ನ ಬಿಟ್ಟು ಬಂದ್ವಿ ಅಂತ ಹುಡುಕೋದು. ನಿಮ್ಮ ದೇವರು ಯಾರೇ ಆಗಿರಲಿ, ನೀವೂ ಇದನ್ನ ಮಾಡಬಹುದು."

ಬಿಟ್ಟು ಬಂದೆವು ಎಂದದ್ದೇ ತಡ, ನನ್ನ ಕತ್ತು ತಾನಾಗಿ ಹಿಂದಕ್ಕೆ ತಿರುಗಿತು. ಅವನು ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ತಲೆ ಬಗ್ಗಿಸಿ ಕೂತಿದ್ದ. ಚೆನ್ನಾಗಿ ಕೇಳಿಸಿಕೊಳ್ಳಲಿ ಎಂದುಕೊಂಡೆ. ಸಿಸ್ಟರು ಅವನಿಗಾಗಿಯೇ ಆ ಮಾತು ಹೇಳುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಸಂತೋಷ.

ಊಟದ ಹೊತ್ತಿನಿಂದ ಮೌನ. ಶಾಲೆಯ ಗೇಟು ಮುಟ್ಟುವವರೆಗೂ ಯಾರೂ ಯಾರೊಂದಿಗೂ ಮಾತಾಡಬಾರದು. ನಮ್ಮ ಸ್ಟಾಫ್ ರೂಮಿನವರಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇಲ್ಲ. ಹಿಂದಿ ಮಿಸ್ಸು ಉಪ್ಪಿಗಾಗಿ ಕೈಕಾಲು ಆಡಿಸಿದ್ದು ನೋಡಿದರೆ ಊಟಕ್ಕೆ ನಾಟ್ಯದ ಏರ್ಪಾಡೂ ಇದೆ ಎನ್ನಬೇಕು.

ಊಟವಾದ ಮೇಲೆ ಸಿಸ್ಟರು ನಮ್ಮನ್ನು ಹೊಯ್ಸಳೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಎಲ್ಲರಿಗೂ ಆಶ್ಚರ್ಯ. ಸಮಾಜ ಪಾಠ ಹೇಳುವ ನನಗೆ ಅದು ಅಂಗೈ ಮೇಲಿನ ಜಾಗ, ಪ್ರತಿವರ್ಷ ಮಕ್ಕಳ ದಂಡು ಕಟ್ಟಿಕೊಂಡು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಬರುತ್ತೇನೆ. ಲೈನಲ್ಲಿ ಬನ್ನಿ, ಮುಟ್ಟಬೇಡಿ, ಬೇಗ ಬೇಗ ನಡೀರಿ. ಸಿಸ್ಟರು ಗೋಡೆಯ ತಳದಲ್ಲಿ ಸಾಲುಗಟ್ಟಿದ ಆನೆಗಳನ್ನು ತೋರಿಸಿದರು. ಒಂದು ಬೆರಳೆತ್ತಿ, ಆಮೇಲೆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಒಂದು ಆನೆಯನ್ನು ನೋಡಿ ಮುಗಿಸದೆ ಇನ್ನೊಂದಕ್ಕೆ ಹೋಗಬೇಡಿ ಎಂದು ಅದರ ಅರ್ಥ.

ಮೊದಲ ಆನೆಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಮಂಡಿ ನೋವು, ಮೇಲಾಗಿ ಕೋಪ. ಆನೆ ಆನೆಯೇ, ಇದರಲ್ಲಿ ನೋಡುವುದೇನು? ಆದರೆ ಮಾತಿಲ್ಲದೆ ಕೂತರೆ ಕಣ್ಣು ತನ್ನ ಕೆಲಸ ಶುರು ಮಾಡುತ್ತದೆ. ಆ ಆನೆಯ ಸೊಂಡಿಲು ಒಂದು ತರಹ ಮಡಿಚಿಕೊಂಡಿತ್ತು. ಪಕ್ಕದ್ದರ ಸೊಂಡಿಲು ಬೇರೆ. ಅದರಾಚೆಯದು ಹೆಜ್ಜೆ ಎತ್ತುವುದರಲ್ಲಿತ್ತು. ಕಿವಿ ಬೇರೆ, ಕೊರಳ ಗಂಟೆ ಬೇರೆ. ಸರಿಯುತ್ತ ಹೋದಂತೆ ನನಗೆ ಒಂದು ಬಗೆಯ ಭಯವೇ ಆಯಿತು. ಅಷ್ಟು ದೊಡ್ಡ ಗೋಡೆಯ ತಳದಲ್ಲಿ, ಬಂದವರ ಕಾಲಿನ ಮಟ್ಟದಲ್ಲಿ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ಆ ಕಾಲದ ಯಾರೋ ಶಿಲ್ಪಿಗಳು ಒಂದೊಂದು ಆನೆಯ ಮುಂದೆಯೂ ಹೊಸದಾಗಿ ಕೂತಿದ್ದಾರೆ. ಇದೂ ಆನೆ ತಾನೇ ಎಂದು ಒಂದನ್ನೂ ದಾಟಿ ಹೋಗಿಲ್ಲ. ಇಷ್ಟು ವರ್ಷ ಇದರ ಮುಂದೆ ನಾನು ಸೀಟಿ ಊದುತ್ತ ನಡೆದಿದ್ದೆನಲ್ಲ ಎಂದು ನಗುವೂ ಬಂತು. ಎದ್ದಾಗ ಬಿಸಿಲು ಇಳಿದಿತ್ತು, ಕೆರೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು.

ವಾಪಸ್ಸು ಬರುವಾಗಲೂ ಕೊನೆಯ ಸೀಟಿನಲ್ಲೇ ಕೂತೆ. ಕನ್ನಡಿ ನೋಡುವ ಉಮೇದು ಇರಲಿಲ್ಲ. ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು.

ಎಚ್ಚರವಾದಾಗ ಬಸ್ಸು ನಿಂತಿತ್ತು. ಹೊರಗೆ ನಮ್ಮ ಶಾಲೆಯ ಹೊಂಗೆ ಮರ, ಮುಸ್ಸಂಜೆಯ ಬೆಳಕು. ನಾನು ಮುಂದಿನ ಸೀಟಿನ ಮರೆಯಲ್ಲಿ ಪೂರ್ತಿ ವಾಲಿಕೊಂಡು ಮಲಗಿಬಿಟ್ಟಿದ್ದೆ. ಮೌನದ ದಿನವಾದ್ದರಿಂದ ಯಾರೂ ಯಾರನ್ನೂ ಕೂಗಿರಲಿಲ್ಲ. ಎಲ್ಲರೂ ಇಳಿದು ಹೋಗಿದ್ದರು. ನನ್ನ ಮಗಳು ಮಲಗಿದ್ದ ಸೀಟಿನಲ್ಲಿ, ಅವಳ ಹಾಗೆಯೇ, ನಾನು ಉಳಿದುಹೋಗಿದ್ದೆ.

ಅಷ್ಟರಲ್ಲಿ ಬಸ್ಸಿನ ಮುಂಭಾಗದಲ್ಲಿ ಒಂದು ದನಿ ಕೇಳಿತು. ಬಹಳ ಸಣ್ಣ ದನಿ, ಮಗುವನ್ನು ಎಬ್ಬಿಸುವಾಗ ಇರುತ್ತದಲ್ಲ, ಹಾಗೆ.

"ಇದ್ದೀಯೇನವ್ವಾ?"

ಸೀಟುಗಳ ಸಂದಿಯಿಂದ ನೋಡಿದೆ. ಡ್ರೈವರು ಮೊದಲ ಸೀಟಿನ ಬಳಿ ಮಂಡಿ ಮಡಿಚಿ ಬಗ್ಗಿ, ಸೀಟಿನ ಕೆಳಗೆ ಇಣುಕಿದರು. ಎದ್ದು ಸೀಟಿನ ಮೇಲೆ ಅಂಗೈ ಇಟ್ಟರು. ಆಮೇಲೆ ಮುಂದಿನದು. ಮತ್ತೆ ಬಗ್ಗಿದರು, ಮತ್ತೆ ಅಂಗೈ ಇಟ್ಟರು. "ಇದ್ದೀಯೇನವ್ವಾ?" ಎಡಗಡೆ ಒಂದು, ಬಲಗಡೆ ಒಂದು. ಒಂದನ್ನೂ ಬಿಡಲಿಲ್ಲ, ಒಂದರಲ್ಲೂ ಅವಸರ ಮಾಡಲಿಲ್ಲ. ಪ್ರತಿಯೊಂದು ಸೀಟಿನ ಬಳಿಯೂ ಉತ್ತರ ಬರಲೆಂದು ಒಂದಿಷ್ಟು ಹೊತ್ತು ಕಾಯುತ್ತಿದ್ದರು. ನಮ್ಮ ಮನೆಯಲ್ಲಿ ದಿನವೂ ಪೂಜೆ ನಡೆಯುತ್ತದೆ, ಮಠದಲ್ಲಿ ದೊಡ್ಡ ದೊಡ್ಡ ಪೂಜೆ ನೋಡಿದ್ದೇನೆ, ಸಿಸ್ಟರುಗಳ ಪ್ರಾರ್ಥನೆಯನ್ನೂ ನೋಡಿದ್ದೇನೆ. ಇಂಥದ್ದನ್ನು ಎಲ್ಲೂ ನೋಡಿರಲಿಲ್ಲ.

ಕೊನೆಯ ಸೀಟಿಗೆ ಬಂದು, ತಲೆಯೆತ್ತದೆಯೇ ಬಗ್ಗಿ, "ಇದ್ದೀಯೇನವ್ವಾ?" ಎಂದರು.

"ಇದ್ದೀನಿ" ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ.

ಅವರು ಬೆಚ್ಚಿಬಿದ್ದು ಎದ್ದು ನಿಂತರು. ನಾನೆಂದು ಗೊತ್ತಾದ ಮೇಲೆ ಇನ್ನೂ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

"ಯಾವಾಗಿಂದ ಹೀಗೆ ಮಾಡ್ತಿದ್ದೀರಾ?" ಎಂದೆ. ಬಹುವಚನ ತಾನಾಗಿ ವಾಪಸ್ಸು ಬಂದಿತ್ತು.

"ಆವತ್ತಿಂದ, ಮಿಸ್."

"ರಜದಲ್ಲಿ ಬಸ್ ಖಾಲಿ ಇತ್ತಲ್ಲ. ಸಿಮೆಂಟ್ ತರೋಕೆ ಹೋದಾಗ್ಲೂ?"

ಅವರು ಆ ಸೀಟನ್ನು ನೋಡಿದರು. "ಖಾಲಿ ಐತೆ ಅಂತ್ಲೇ ಆವತ್ತೂ ಅನ್ಕಂಡಿದ್ದೆ, ಮಿಸ್."

ತಿಂಗಳುಗಟ್ಟಲೆ ಸಾಣೆ ಹಿಡಿದು ಇಟ್ಟುಕೊಂಡಿದ್ದ ಮಾತು ಎಲ್ಲಿ ಹೋಯಿತೋ. ಬೆಳಿಗ್ಗೆ ಸಿಸ್ಟರು ಹೇಳಿದ್ದನ್ನು ಇವರು ಕೇಳಿಸಿಕೊಳ್ಳಲಿ ಎಂದು ನಾನು ಕತ್ತು ತಿರುಗಿಸಿದ್ದೆ. ಇವರೋ, ಯಾರೂ ಹೇಳುವ ಮೊದಲೇ, ಯಾರೂ ನೋಡದ ಬಸ್ಸಿನಲ್ಲಿ, ದಿನವೂ ಅದನ್ನು ನಡೆದು ಬರುತ್ತಿದ್ದರು. ನನಗೆ ಅಳು ಬಂತು. ಮಗಳನ್ನು ಬಸ್ಸಿನಿಂದ ಎತ್ತಿಕೊಂಡ ದಿನ ಕೂಗಾಡಿದ್ದೆನೇ ಹೊರತು ಅತ್ತಿರಲಿಲ್ಲ. ಆ ಅಳುವೆಲ್ಲ ಅವರ ಮುಂದೆಯೇ ಆಯಿತು. ಅವರು ಕೈ ಮುಗಿದುಕೊಂಡೇ, ನಾನು ಮುಗಿಸುವವರೆಗೂ ನಿಂತಿದ್ದರು.

ಇಳಿದಾಗ ಸಿಸ್ಟರು ಆಫೀಸಿನ ಮೆಟ್ಟಿಲ ಮೇಲೆ ಒಬ್ಬರೇ ಇದ್ದರು. ನನ್ನ ಕೆಂಪು ಕಣ್ಣು ನೋಡಿ ಕಾದರು.

"ಆಯಾ ರಜ ಹಾಕಿದ ದಿನ ಬೇರೆ ಯಾರಾದ್ರೂ ಬಸ್ಸಲ್ಲಿ ಇರಲೇಬೇಕು, ಸಿಸ್ಟರ್. ಅದರಲ್ಲಿ ನಾನು ರಾಜಿ ಆಗೋದಿಲ್ಲ" ಎಂದೆ. ನನ್ನ ಸ್ವಭಾವ ಒಂದೇ ದಿನಕ್ಕೆ ಬದಲಾಗುವಂಥದ್ದಲ್ಲ. ಆಮೇಲೆ ಹೇಳಿದೆ: "ಡ್ರೈವರಣ್ಣನೇ ಬರಲಿ. ನನ್ನ ಮಗಳನ್ನೂ ಅವರ ಬಸ್ಸಿಗೇ ಹತ್ತಿಸ್ತೀನಿ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಜೂನಿನ ಮೊದಲ ದಿನ ಅರ್ಧ ಗಂಟೆ ಮುಂಚೆಯೇ ಹೋಗಿ ಹೊಂಗೆ ಮರದ ಕೆಳಗೆ ನಿಂತೆ. ಬಸ್ಸು ಬಂತು. ಆಯಾ ಒಬ್ಬೊಬ್ಬರನ್ನೇ ಇಳಿಸಿದಳು. ಮಗಳು ಕುಣಿಯುತ್ತ ಬಂದು ನನ್ನ ಕೈ ಹಿಡಿದುಕೊಂಡಳು. ಡ್ರೈವರಣ್ಣ ಕಿಟಕಿಯಿಂದ ಅವಳನ್ನು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಎದ್ದು ಮೊದಲ ಸೀಟಿನ ಬಳಿ ಬಗ್ಗಿದರು.

ಅವರ ತಲೆ ಕಿಟಕಿಯಿಂದ ಕಿಟಕಿಗೆ ಕಾಣುತ್ತ, ಮರೆಯಾಗುತ್ತ ಹಿಂದಕ್ಕೆ ಸಾಗಿತು. ತೆರೆದ ಕಿಟಕಿಗಳಿಂದ ಆ ಸಣ್ಣ ದನಿ ನಮ್ಮವರೆಗೂ ಬರುತ್ತಿತ್ತು. ಮಗಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

"ಅಮ್ಮಾ, ತಾತ ಯಾರನ್ನ ಹುಡುಕ್ತಿದ್ದಾರೆ?"

ನಾನು ಉತ್ತರ ಹೇಳುವ ಮೊದಲೇ ಅವಳಿಗೆ ಏನನ್ನಿಸಿತೋ, ನನ್ನ ಕೈ ಬಿಟ್ಟು ಓಡಿ, ಕೊನೆಯ ಕಿಟಕಿಯ ಕೆಳಗೆ ನಿಂತು, ಇದ್ದಷ್ಟೂ ದನಿಯೆತ್ತಿ ಕೂಗಿದಳು:

"ಇಲ್ಲಿದ್ದೀನಿ, ತಾತಾ!"