ಹನ್ನೆರಡಿಂಚಿನ ಸುಳ್ಳು

ಲಿಂಡ್‌ಗ್ರೆನ್ ಕಾರ್ಖಾನೆಯ ಮೂರನೇ ನಂಬರಿನ, ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರ ಆಗಸ್ಟಿನ ಒಂದು ಮಂಗಳವಾರ ಬೆಳಿಗ್ಗೆ ಉಸಿರು ಬಿಟ್ಟಾಗ, ಅದನ್ನು ನೋಡಲು ಮೊದಲು ಬಂದವನು ರಿಪೇರಿಯವನಲ್ಲ, ಗುಜರಿಯವನು. ಲೆನ್ ಕ್ಯಾಪುಟೊ ಹಳೆಯ ಯಂತ್ರ ಕೊಂಡು ಮಾರುವ ಆಸಾಮಿ. ಎರಿ ಊರಿನ ಯಾವ ಮೂಲೆಯಲ್ಲಿ ಯಂತ್ರವೊಂದು ಕೆಮ್ಮಿದರೂ ಅವನ ಕಿವಿಗೆ ಬೀಳುತ್ತದೆ. ಬಂದವನು ಯಂತ್ರಕ್ಕೆ ಎರಡು ಸುತ್ತು ಹಾಕಿ, ಎರಕದ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಒಳ್ಳೇ ಕಬ್ಬಿಣ" ಎಂದ. ಕೊಳ್ಳುವವನು ಹೀಗೆ ಹೊಗಳಿದನೆಂದರೆ ಮಾಲನ್ನು ತೂಕದ ಲೆಕ್ಕದಲ್ಲಿ ಕೇಳಲಿದ್ದಾನೆಂದೇ ಅರ್ಥ.

"ಅದು ಕಬ್ಬಿಣ ಅಲ್ಲ ಲೆನ್, ಮಿಲ್ಲು. ಕೈ ತೆಗಿ" ಎಂದಳು ಡೋರೀನ್ ಪಾಸ್ಟೊರೆಕ್.

ಡೋರೀನಳಿಗೆ ಆಗ ಐವತ್ತೆಂಟು. ಇಪ್ಪತ್ತೆರಡನೇ ವಯಸ್ಸಿಗೆ ಈ ಕಾರ್ಖಾನೆಗೆ ಸೇರಿದಾಗ ಅವಳಿಗೆ ಕೊಟ್ಟದ್ದು ಅಂಚು ಉಜ್ಜುವ ಬೆಂಚು. ಬೇರೆಯವರು ಕೊರೆದು ಮುಗಿಸಿದ ತುಂಡುಗಳ ಚೂಪು ಅಂಚನ್ನು ಅರದಿಂದ ಉಜ್ಜಿ ನಯ ಮಾಡುವ ಕೆಲಸ. ಒಂಬತ್ತು ವರ್ಷ ಉಜ್ಜಿದಳು. ಮಿಲ್ಲು ಓಡಿಸುತ್ತಿದ್ದವನು ಬೆನ್ನು ಹಿಡಿದು ಮಲಗಿದ ವಾರ, ಯಾರೂ ಕೇಳದೆ ಹೋಗಿ ಅದರ ಮುಂದೆ ನಿಂತಳು. ಅವನು ವಾಪಸು ಬರುವಷ್ಟರಲ್ಲಿ ಆ ಜಾಗ ಅವನದಾಗಿ ಉಳಿದಿರಲಿಲ್ಲ. ನಡುವೆ ಒಂದು ಮದುವೆ ಬಂತು, ಹೋಯಿತು. ಮಿಲ್ಲು ಮಾತ್ರ ಇದ್ದಲ್ಲೇ ಇತ್ತು.

ಈಗ ಸತ್ತದ್ದು ಮಿಲ್ಲಿನ ಮೈಯಲ್ಲ, ತಲೆ. ಫ್ರಿಜ್ಜಿನಷ್ಟು ದೊಡ್ಡ ಬೀರು, ಅದರೊಳಗೆ ಪುಸ್ತಕದಂತೆ ಸಾಲಾಗಿ ಜೋಡಿಸಿದ ಬೋರ್ಡುಗಳು, ಮೇಲೊಂದು ಹಸಿರು ಅಕ್ಷರದ ಪರದೆ. ಯಾವ ತುಂಡನ್ನು ಹೇಗೆ ಕೊರೆಯಬೇಕೆಂದು ಮೋಟಾರುಗಳಿಗೆ ಅಪ್ಪಣೆ ಕೊಡುತ್ತಿದ್ದದ್ದು ಅದು. ಆ ಬೋರ್ಡುಗಳನ್ನು ಈಗ ಯಾರೂ ಮಾಡುವುದಿಲ್ಲ. ಮಾಡುತ್ತಿದ್ದ ಕಂಪನಿಯೇ ಇಲ್ಲ.

"ಹೊಸ ತಲೆ ಕೂರಿಸೋಣ. ಹೊಸ ಕಂಟ್ರೋಲು, ಹೊಸ ಮೋಟಾರು, ಹೊಸ ವೈರು. ಮೈ ಇನ್ನೂ ಗಟ್ಟಿ ಇದೆ" ಎಂದಳು ಡೋರೀನ್.

ಯಜಮಾನ ರಸ್ ಲಿಂಡ್‌ಗ್ರೆನ್‌ಗೆ ನಲವತ್ತು. ಡೋರೀನ್ ಸೇರಿದಾಗ ಅವನು ಇದೇ ನೆಲದ ಮೇಲೆ ಮೂರು ಗಾಲಿಯ ಸೈಕಲ್ ಓಡಿಸುತ್ತಿದ್ದ. ಹಾಗಾಗಿ ಅವಳ ಮುಂದೆ ಯಜಮಾನಿಕೆ ಮಾಡುವಾಗ ಅವನ ದನಿ ಸ್ವಲ್ಪ ಗಂಟಲಲ್ಲೇ ಉಳಿಯುತ್ತಿತ್ತು.

"ಸೆಪ್ಟೆಂಬರ್ ಎರಡನೇ ಶುಕ್ರವಾರ ಮಧ್ಯಾಹ್ನಕ್ಕೆ ದ್ರಾಕ್ಷಿ ಕಾರ್ಖಾನೆಯವರ ಆರು ಲೋಹದ ಫಲಕ ಹೋಗಬೇಕು. ಅವರು ಕೊಯ್ಲಿಗೆ ಮುಂಚೆ ರಸ ತುಂಬೋ ಯಂತ್ರ ಜೋಡಿಸ್ಬೇಕು. ದ್ರಾಕ್ಷಿ ನಮಗೋಸ್ಕರ ಕಾಯಲ್ಲ ಡೋರೀನ್."

"ಅಷ್ಟರಲ್ಲಿ ಓಡ್ಸಿ ತೋರಿಸ್ತೀನಿ."

"ಓಡದಿದ್ರೆ?"

"ಓಡದಿದ್ರೆ ನಾನಿದ್ದೀನಲ್ಲ" ಎಂದ ಲೆನ್, ಟೋಪಿ ಸರಿಮಾಡಿಕೊಳ್ಳುತ್ತ. "ಆ ಶುಕ್ರವಾರವೇ ಲಾರಿ ತರ್ತೀನಿ. ಡೋರೀನ್‌ಗೂ ಬೆಂಚು ಖಾಲಿ ಇದ್ಯಂತೆ."

ತಮಾಷೆಗೆ ಆಡಿದ ಮಾತು. ಆದರೆ ನಿಜವೂ ಅದೇ. ಉಳಿದ ಹೊಸ ಯಂತ್ರಗಳಿಗೆಲ್ಲ ಆಗಲೇ ಜನ ಇದ್ದರು. ಮೂರನೇ ನಂಬರು ಲಾರಿ ಹತ್ತಿದರೆ ಡೋರೀನಳಿಗೆ ಉಳಿಯುವುದು ಮೂವತ್ತಾರು ವರ್ಷದ ಹಿಂದಿನ ಅರ.

ಅವಳು ಹೋಗಿ ಕರೆತಂದದ್ದು ಮರ್ಲ್ ಟ್ರೆಡ್‌ವೇಯನ್ನು. ರೈಲು ಎಂಜಿನ್ನಿಗೆ ವೈರು ಎಳೆದು ನಿವೃತ್ತನಾದ ಎಲೆಕ್ಟ್ರಿಷಿಯನ್. ವಯಸ್ಸು ಎಪ್ಪತ್ತೊಂದು. ಬೆಳಿಗ್ಗೆ ಪೆಪ್ಪರೋನಿ ಮಾಂಸ ತುಂಬಿದ ಬನ್ನಿನ ಪೊಟ್ಟಣ ಹಿಡಿದು ಬರುತ್ತಿದ್ದ, ಸಂಜೆ ಖಾಲಿ ಪೊಟ್ಟಣದಲ್ಲಿ ಹಳೆಯ ಸ್ಕ್ರೂ ತುಂಬಿಕೊಂಡು ಹೋಗುತ್ತಿದ್ದ. ಕೂಲಿ ಕೇಳಲಿಲ್ಲ. ಮನೆಯಲ್ಲಿ ಹೆಂಡತಿ ಗೋಡೆಗೆ ಬಣ್ಣ ಬಳಿಯಲು ಹೇಳಿದ್ದಳಂತೆ, ಅದರಿಂದ ತಪ್ಪಿಸಿಕೊಳ್ಳಲು ಒಂದು ನೆಪ ಸಿಕ್ಕಿದ್ದೇ ಕೂಲಿ.

ಇಬ್ಬರೂ ಸೇರಿ ಮೊದಲ ವಾರವೆಲ್ಲ ಬಿಚ್ಚಿದರು. ಒಂದೊಂದು ವೈರಿಗೂ ಚೀಟಿ ಅಂಟಿಸಿದರು. ಹಳೆಯ ಮೋಟಾರಿನ ಜಾಗಕ್ಕೆ ಹೊಸದು ಕೂರಲಿಲ್ಲ, ಬೋಲ್ಟಿನ ತೂತುಗಳು ಹೊಂದಲಿಲ್ಲ. ಡೋರೀನ್ ಪಕ್ಕದ ಯಂತ್ರದ ಎನಿಸ್‌ನನ್ನು ಮಧ್ಯಾಹ್ನದ ಊಟಕ್ಕೆ ಬೇಗ ಅಟ್ಟಿ, ಅವನ ಯಂತ್ರದಲ್ಲೇ ನಡುವೆ ಹಾಕುವ ದಪ್ಪ ಬಿಲ್ಲೆಗಳನ್ನು ಕೊರೆದುಕೊಂಡಳು. ಬೋಸ್ನಿಯಾದಿಂದ ಬಂದ ಎನಿಸ್ ಮಾತು ಕಡಿಮೆಯವನು. ಊಟ ಮುಗಿಸಿ ಬಂದು ತನ್ನ ಯಂತ್ರದಲ್ಲಿ ಬಿದ್ದಿದ್ದ ಅವಳ ಚಕ್ಕೆಗಳನ್ನು ನೋಡಿ, ಪೊರಕೆಯನ್ನು ತಂದು ಅವಳ ಕೈಗೆ ಕೊಟ್ಟ.

ಎರಡನೇ ವಾರ ಹೊಸ ಕಂಟ್ರೋಲಿಗೆ ಜೀವ ಬಂತು. ಪರದೆ ಈಗ ಅಂಗೈ ಎರಡರಷ್ಟು, ಬಣ್ಣಬಣ್ಣದ್ದು. ಡೋರೀನ್ ಎಡಕ್ಕೆ ಸರಿ ಎಂದು ಗುಂಡಿ ಒತ್ತಿದರೆ ಟೇಬಲ್ಲು ಬಲಕ್ಕೆ ಓಡಿತು. ಕೆಂಪು ಗುಂಡಿ ಗುದ್ದಿ ನಿಲ್ಲಿಸಿದಳು.

"ನಿನ್ ಮಾತು ಕೇಳ್ತಾ ಇದೆ. ಎದುರಿಗೆ ನಿಂತ್ಕೊಂಡು ಕೇಳ್ತಾ ಇದೆ, ಅಷ್ಟೆ" ಎಂದ ಮರ್ಲ್.

"ನಿನ್ನ ವೈರು ತಿರುಗಾ ಮುರುಗಾ ಅಂತ ಹೇಳೋಕೆ ಎಷ್ಟು ಚೆಂದದ ದಾರಿ ಹುಡುಕ್ತೀಯ ಮಾರಾಯ."

ಆಮೇಲೆ ನಾಜೂಕಿನ ಕೆಲಸ. ಟೇಬಲ್ಲನ್ನು ಎಳೆಯುವ ಉದ್ದನೆಯ ತಿರುಪು ಮೂವತ್ತು ವರ್ಷ ತಿರುಗಿ ಸವೆದಿತ್ತು. ಒಂದೊಂದೇ ಇಂಚು ಸರಿಸಿ, ನಿಜವಾಗಿ ಎಷ್ಟು ಸರಿಯಿತೆಂದು ಅಳೆದು, ತಪ್ಪನ್ನೆಲ್ಲ ಹೊಸ ಕಂಟ್ರೋಲಿಗೆ ಹೇಳಿಕೊಟ್ಟರೆ ಮುಗಿಯಿತು. ಅಲ್ಲಿಂದ ಮುಂದೆ ಅದು ಒಳಗೊಳಗೇ ಸರಿಮಾಡಿಕೊಳ್ಳುತ್ತದೆ. ಎರಡು ದಿನ ಅಳೆದರು. ಮುಗಿದಾಗ ಹನ್ನೆರಡು ಇಂಚು ಸರಿ ಎಂದರೆ ಟೇಬಲ್ಲು ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಹನ್ನೆರಡು ಇಂಚು ಸರಿಯಿತು. ಮರ್ಲ್ ತನ್ನ ಬನ್ನಿನಲ್ಲಿ ಅರ್ಧ ಮುರಿದು ಅವಳಿಗೆ ಕೊಟ್ಟ. ಅವನು ಬನ್ನು ಹಂಚಿಕೊಂಡದ್ದು ಅದೇ ಮೊದಲು.

ಗುರುವಾರ ಬೆಳಿಗ್ಗೆ, ಗಡುವಿಗೆ ಒಂದು ದಿನ ಮುಂಚೆ, ದ್ರಾಕ್ಷಿ ಕಾರ್ಖಾನೆಯ ಮೊದಲ ಫಲಕ ಕೊರೆದಳು. ಹಳೆಯ ಪ್ರೋಗ್ರಾಂ, ಹತ್ತೊಂಬತ್ತು ವರ್ಷದಿಂದ ಪ್ರತಿ ಬೇಸಿಗೆಯ ಕೊನೆಗೆ ಓಡಿಸಿದ್ದೇ. ಎರಡು ತೂತುಗಳ ನಡುವೆ ಹನ್ನೆರಡು ಇಂಚು ಇರಬೇಕು. ತಪ್ಪಿದರೆ ಇಂಚಿನ ಸಾವಿರದಲ್ಲೊಂದು ಪಾಲು ತಪ್ಪಬಹುದು, ಅದಕ್ಕಿಂತ ಹೆಚ್ಚಿಗೆ ಬಂದರೆ ತುಂಡು ತಿಪ್ಪೆಗೆ.

ಅಳೆದಳು. ಮೂರು ಪಾಲು ಹೆಚ್ಚು.

ಮತ್ತೆ ಅಳೆದಳು. ಎನಿಸ್‌ನ ಕೈಗೆ ಅಳತೆಗೋಲು ಕೊಟ್ಟಳು. ಅವನೂ ಅಳೆದು ಮೂರು ಬೆರಳೆತ್ತಿದ.

"ತಿರುಪು" ಎಂದ ರಸ್.

"ತಿರುಪಲ್ಲ. ಈಗ ತಾನೇ ಅಳೆದಿದ್ದೀವಿ."

"ಹಾಗಾದ್ರೆ ಮರ್ಲ್ ವೈರು."

"ನನ್ ವೈರು ಟೇಬಲ್ಲನ್ನ ಓಡ್ಸುತ್ತೆ ಇಲ್ಲಾ ಓಡ್ಸಲ್ಲ. ಮೂರು ಕೂದಲು ಜಾಸ್ತಿ ಓಡ್ಸೋ ವೈರು ಯಾರೂ ಮಾಡಿಲ್ಲ" ಎಂದ ಮರ್ಲ್.

ಇನ್ನೊಂದು ಫಲಕ ಕೊರೆದರು. ಮತ್ತೆ ಮೂರು. ಮೋಟಾರಿನ ಬೋಲ್ಟು ಬಿಗಿದು ನೋಡಿದರು. ಟೇಬಲ್ಲಿನ ಓಟವನ್ನು ಮತ್ತೊಮ್ಮೆ ಅಳೆದರು, ದೇವರು ಅಳೆದಷ್ಟು ಸರಿ. ಯಂತ್ರ ಸರಿ, ತುಂಡು ತಪ್ಪು. ಮೂರನೇ ಫಲಕಕ್ಕೂ ಅದೇ ಗತಿಯಾದಾಗ ರಸ್ ತನ್ನ ಕೋಣೆಗೆ ಹೋದ. ಗಾಜಿನ ಆಚೆ ಅವನು ಫೋನ್ ಎತ್ತಿದ್ದು ಕಾಣಿಸಿತು. ಲಾರಿಗೆ ಸಮಯ ಗೊತ್ತು ಮಾಡುತ್ತಿದ್ದಾನೆಂದು ಯಾರೂ ಬಂದು ಹೇಳಬೇಕಾಗಿರಲಿಲ್ಲ.

ಡೋರೀನ್ ಕೈ ಒರೆಸಿಕೊಂಡು ಡ್ರಾಯಿಂಗ್ ಹಾಸಿದಳು. "ಮೊದಲಿಂದ ಬರೋಣ. ನೀನು ಪರದೆ ಮುಂದೆ ನಿಂತ್ಕೋ. ನಾನು ಹೇಳ್ತಾ ಹೋಗ್ತೀನಿ, ಪ್ರೋಗ್ರಾಂನಲ್ಲಿ ಅದೇ ಇದ್ಯಾ ನೋಡು."

"ನಂಗೆ ಪ್ರೋಗ್ರಾಂ ಓದೋಕೆ ಬರಲ್ಲ."

"ಅಂಕಿ ಬರುತ್ತಲ್ಲ, ಸಾಕು. ಮೊದಲನೇ ತೂತು, ಸೊನ್ನೆ."

"ಸೊನ್ನೆ."

"ಎರಡನೇ ತೂತು, ಹನ್ನೆರಡು."

ಮರ್ಲ್ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದ. "ಹನ್ನೆರಡು ಅಂತ ಇಲ್ಲ ಇಲ್ಲಿ."

"ಹನ್ನೆರಡೇ ಇರೋದು. ಸರಿಯಾಗಿ ನೋಡು."

"ಹನ್ನೆರಡು, ಚುಕ್ಕೆ, ಸೊನ್ನೆ, ಸೊನ್ನೆ, ಮೂರು."

"ಹೂಂ. ಹನ್ನೆರಡು" ಎಂದಳು ಡೋರೀನ್.

ಅಂದ ಮೇಲೆ ಆ ಮಾತು ತಿರುಗಿ ಅವಳ ಕಿವಿಗೇ ಬಿತ್ತು.

ಹತ್ತೊಂಬತ್ತು ವರ್ಷದ ಹಿಂದೆ, ತಿರುಪು ಸವೆಯತೊಡಗಿದ ಕಾಲ. ಹನ್ನೆರಡು ಸರಿ ಎಂದರೆ ಟೇಬಲ್ಲು ಮೂರು ಪಾಲು ಕಡಿಮೆ ಸರಿಯುತ್ತಿತ್ತು. ಹೊಸ ತಿರುಪು ತರಿಸುವ ಮಾತಿಗೆ ರಸ್‌ನ ಅಪ್ಪ ಮುಂದಿನ ವರ್ಷ ನೋಡೋಣ ಎಂದಿದ್ದರು. ಆ ಮುಂದಿನ ವರ್ಷ ಬರಲೇ ಇಲ್ಲ. ಡೋರೀನ್ ತಾನೇ ದಾರಿ ಕಂಡುಕೊಂಡಳು: ಯಂತ್ರ ಮೂರು ಕದಿಯುತ್ತದೆಯೇ, ಸರಿ, ಮೂರು ಹೆಚ್ಚಿಗೆ ಕೇಳಿದರಾಯಿತು. ಉದ್ದದ ಅಳತೆ ಬಂದಲ್ಲೆಲ್ಲ ಹಾಗೇ ಬರೆದಳು. ಆಮೇಲೆ ಅದನ್ನು ಹನ್ನೆರಡೆಂದೇ ಓದಿದಳು, ಹನ್ನೆರಡೆಂದೇ ನಂಬಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವಳದ್ದು ಉಲ್ಟಾ: ಡೊಂಕು ನೆಲದ ಮೇಲೆ ಹತ್ತೊಂಬತ್ತು ವರ್ಷ ತಪ್ಪಿಲ್ಲದೆ ಕುಣಿದಳು, ನೆಲ ನೆಟ್ಟಗಾದ ದಿನ ಕಾಲು ತಪ್ಪಿತು.

"ಯಂತ್ರ ಸುಳ್ಳು ಹೇಳೋದು ಬಿಟ್ಟಿದೆ ಮರ್ಲ್. ಬಿಡದೆ ಇರೋಳು ನಾನು" ಎಂದಳು.

ರಸ್ ಬಂದು ಕೇಳಿಸಿಕೊಂಡ. ವ್ಯಾಪಾರದ ಮನೆಯಲ್ಲಿ ಹುಟ್ಟಿದವನು, ತಕ್ಷಣ ಅಗ್ಗದ ದಾರಿ ಹೊಳೆಯಿತು. "ಇಷ್ಟೇನಾ? ಹಂಗಾದ್ರೆ ಆ ಕಂಟ್ರೋಲಿಗೆ ಹೇಳ್ಕೊಟ್ಟಿರೋ ತಿದ್ದುಪಡಿ ತೆಗೆದುಬಿಡು. ಯಂತ್ರ ಮೊದಲಿನ ಥರ ಮೂರು ಕಡಿಮೆ ಸರಿಯುತ್ತೆ, ನಿನ್ನ ಹಳೇ ಪ್ರೋಗ್ರಾಂ ಎಲ್ಲಾ ಹಂಗೇ ನಡೆಯುತ್ತೆ. ಒಂದು ಗುಂಡಿ ಕೆಲಸ."

ನಿಜ, ಒಂದು ಗುಂಡಿಯ ಕೆಲಸ. ತಿದ್ದಲು ಹೊರಟರೆ ನೂರ ನಲವತ್ತೆರಡು ಪ್ರೋಗ್ರಾಂ.

ರಸ್ ಅತ್ತ ಹೋದ ಮೇಲೆ ಮರ್ಲ್ ದನಿ ತಗ್ಗಿಸಿದ. "ಯಜಮಾನ ಹೇಳ್ದ ಅಂತ ಅಲ್ಲ. ನಿನಗೋಸ್ಕರ ಯೋಚನೆ ಮಾಡು. ಅರ್ಧ ಜನರನ್ನ ಮನೆಗೆ ಕಳ್ಸಿದ ವರ್ಷ ನಿನ್ನ ಯಾಕೆ ಮುಟ್ಟಲಿಲ್ಲ? ಇದನ್ನ ಓಡಿಸೋಕೆ ನೀನೊಬ್ಳೇ ಗತಿ ಅಂತ. ಇದು ನೆಟ್ಟಗಾದ್ರೆ ಯಾರು ಬೇಕಾದ್ರೂ ಓಡಿಸ್ಬಹುದು."

ಡೋರೀನಳಿಗೆ ಅದು ಹೊಸ ಮಾತಲ್ಲ. ಅಂಗಡಿಯವನು ತನ್ನ ಬೀಗದ ಗುಟ್ಟನ್ನು ತಾನೇ ಇಟ್ಟುಕೊಂಡಂತೆ ಆ ಮೂರು ಪಾಲನ್ನು ಮೊದಮೊದಲು ತನ್ನಲ್ಲೇ ಇಟ್ಟುಕೊಂಡಿದ್ದಳು, ಆಮೇಲೆ ಅದು ರೂಢಿಯೇ ಆಯಿತು. ಅದರಿಂದ ಕೆಲಸ ಉಳಿದಿತ್ತು. ಉಳಿದದ್ದು ಅದೊಂದೇ ಅಲ್ಲ, ಒಂದು ಕೊರಗೂ ಇತ್ತು. ಅವಳ ಅಮ್ಮ ಬಫಲೊದ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ಡೋರೀನ್ ವಾರದ ರಜೆ ಹಾಕಿದ್ದಳು. ಮೂರನೇ ದಿನ ಫೋನ್ ಬಂತು: ಡ್ರಾಯಿಂಗ್ ನೋಡಿ ಹೊಸದಾಗಿ ಪ್ರೋಗ್ರಾಂ ಬರೆದ್ರೂ ಫಲಕ ತಪ್ಪಾಗಿ ಬರ್ತಾ ಇದೆ, ಯಾಕೆಂದು ಯಾರಿಗೂ ಗೊತ್ತಾಗ್ತಿಲ್ಲ. ಬಂದಳು. ಅವಳು ಫಲಕ ಕೊರೆಯುತ್ತಿದ್ದ ದಿನವೇ ಅಮ್ಮ ಹೋದರು.

"ಯಾರು ಬೇಕಾದ್ರೂ ಓಡಿಸ್ಲಿ ಅಂತಾನೇ" ಎಂದಳು. ತಿದ್ದುಪಡಿಯ ಗುಂಡಿ ಮುಟ್ಟದೆ ಪ್ರೋಗ್ರಾಂ ತೆರೆದಳು.

ಆ ಮಧ್ಯಾಹ್ನ ದ್ರಾಕ್ಷಿ ಫಲಕದ ಪ್ರೋಗ್ರಾಂನಲ್ಲಿ ತಾನು ಸೇರಿಸಿದ್ದನ್ನೆಲ್ಲ ಒಂದೊಂದಾಗಿ ತೆಗೆದಳು. ಹದಿನೇಳು ಕಡೆ ಇತ್ತು. ಒಂದು ಕಡೆ ತಾನು ಸೇರಿಸಿದ್ದೇ ನೆನಪಿರಲಿಲ್ಲ. ಅದನ್ನು ಮರ್ಲ್ ಹಿಡಿದ, ಹಿಡಿದು ಸಂಜೆಯವರೆಗೆ ಅದನ್ನೇ ಹೇಳುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಮೊದಲ ಫಲಕ. ಹನ್ನೆರಡು ಇಂಚು, ಅದರ ಮೇಲೆ ಲೆಕ್ಕಕ್ಕೆ ಸಿಗದಷ್ಟು. ಎನಿಸ್ ಅಳೆದು ಈ ಸಲ ಬೆರಳೆತ್ತದೆ ಮುಷ್ಟಿ ತೋರಿಸಿದ, ಸೊನ್ನೆ ಎಂದು. ರಸ್ ಅಳತೆಯ ಡಯಲನ್ನು ತಾನೇ ನೋಡಿದ. "ಇನ್ನೂ ಐದು ಬೇಕು, ಹನ್ನೆರಡು ಗಂಟೆಯೊಳಗೆ" ಎಂದಷ್ಟೇ ಹೇಳಿ, ಲಾರಿ ಬೇಡವೆಂದು ಲೆನ್‌ಗೆ ಫೋನ್ ಮಾಡಲು ಹೋದ.

ಅಷ್ಟರಲ್ಲಿ ಲಾರಿ ಬಾಗಿಲಿಗೇ ಬಂದಿತ್ತು. ಲೆನ್ ಇಳಿದು ಒಳಗೆ ಬಂದು, ಟೇಬಲ್ಲು ಓಡುವುದನ್ನು ನೋಡುತ್ತ ನಿಂತ. ನಷ್ಟವನ್ನು ಮುಖದ ಮೇಲೆ ತೋರಿಸುವ ವ್ಯಾಪಾರಿ ಅಲ್ಲ ಅವನು.

"ಆ ಹಳೇ ಬೀರು ಆದ್ರೂ ಕೊಡು ಡೋರೀನ್. ಖಾಲಿ ಲಾರಿ ತಗೊಂಡ್ ಹೋದ್ರೆ ಅಪಶಕುನ."

"ತಗೊಂಡ್ ಹೋಗು. ಭಾರ ಇದೆ, ಸೊಂಟ ನೋಡ್ಕೋ."

ಲೆನ್ ಮತ್ತು ಮರ್ಲ್ ಬೀರನ್ನು ತಳ್ಳುಗಾಡಿಗೆ ಏರಿಸುತ್ತಿದ್ದಾಗ ಡೋರೀನ್ ಎನಿಸ್‌ನ ಕಡೆ ತಿರುಗಿದಳು. "ಎರಡನೇ ಫಲಕ ನೀನು ಕೊರಿ."

ಎನಿಸ್ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದ. ಹನ್ನೊಂದು ವರ್ಷ ಪಕ್ಕದಲ್ಲಿದ್ದೂ ಅದನ್ನು ಮುಟ್ಟಿದವನಲ್ಲ. "ಏನಾದ್ರೂ ಗುಟ್ಟಿದ್ಯಾ ಇದಕ್ಕೆ?"

"ಡ್ರಾಯಿಂಗ್‌ನಲ್ಲಿ ಇರೋದನ್ನೇ ಓದು. ಅಷ್ಟೇ."

ಅವನು ತುಂಡು ಬಿಗಿದು, ಎರಡು ಸಲ ಸರಿನೋಡಿ, ಹಸಿರು ಗುಂಡಿ ಒತ್ತಿದ. ಡೋರೀನಳ ಕೈ ತಾನಾಗಿ ಕೆಂಪು ಗುಂಡಿಯ ಕಡೆ ಹೋಯಿತು. ಆ ಕೈಯನ್ನು ಕೋಟಿನ ಜೇಬಿಗೆ ತುರುಕಿ, ಉಳಿದ ನೂರ ನಲವತ್ತೊಂದು ಪ್ರೋಗ್ರಾಂಗಳಲ್ಲಿ ಮೊದಲನೆಯದನ್ನು ತಿದ್ದಲು ಆಫೀಸಿನ ಮೇಜಿಗೆ ಹೋದಳು.