ನೆಲಕ್ಕೆ ಬಿದ್ದ ಪೆಟ್ಟು

ಹಾಸಿಗೆ ಹೊಲಿಯುವ ತಾತನನ್ನು ನಾನು ಮೊದಲು ಕಂಡ ದಿನ ಅವರು ನೆಲವನ್ನು ಬಯ್ಯುತ್ತಿದ್ದರು. ಗಂಟುಗಟ್ಟಿದ ಹಳೆಯ ಹಾಸಿಗೆಯೊಂದನ್ನು ಬಿಚ್ಚಿಸಿ ಹೊಲಿಸಲೆಂದು ಅವರ ಅಂಗಡಿಗೆ ಹೋದರೆ, ತಾತ ಒಂದು ತೋಳಿನಲ್ಲಿ ಅಳುವ ಮೊಮ್ಮಗಳನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಹತ್ತಿ ಬಡಿಯುವ ಕೋಲು ಹಿಡಿದು ಸಿಮೆಂಟು ನೆಲಕ್ಕೆ ಬಾರಿಸುತ್ತಿದ್ದರು.

"ನಮ್ಮ ಬಂಗಾರೀನ ಬೀಳಿಸ್ತೀಯಾ? ತಗೋ. ಇನ್ನೊಂದು ತಗೋ."

ಮಗುವಿನ ಅಳು ಬಿಕ್ಕಳಿಕೆಗೆ ಇಳಿಯಿತು, ಬಿಕ್ಕಳಿಕೆ ನಗುವಿಗೆ ತಿರುಗಿತು. ನೋವು ಹೋಯಿತೇ ಎಂದು ತಾತ ಕೇಳಿದರು. ಹೋಯಿತು ಎಂದಿತು ಮಗು. ಆಮೇಲಷ್ಟೇ ಅವರು ಗಿರಾಕಿಯಾದ ನನ್ನ ಕಡೆ ತಿರುಗಿದ್ದು.

ಪಕ್ಕದಲ್ಲಿ ಬೀಗ ರಿಪೇರಿ ಮಾಡುವವನು ಕೈಯಲ್ಲಿದ್ದ ಬೀಗದಿಂದ ಕಣ್ಣು ತೆಗೆಯದೆಯೇ, "ತಾತ, ಆ ನೆಲ ನನ್ನ ಅಂಗಡಿಗೂ ಸೇರಿದ್ದು. ಸ್ವಲ್ಪ ಮೆಲ್ಲಗೆ ಹೊಡೀರಿ" ಎಂದ.

"ನೀನೂ ಒಂದ್ಸಲ ಇವಳನ್ನ ಅಳಿಸಿ ನೋಡು. ನಿನ್ನ ಪಾಲಿಂದು ನಿನಗೇ ಕೊಡ್ತೀನಿ" ಎಂದರು ತಾತ. ಮಗು ಕೇಕೆ ಹಾಕಿ ನಕ್ಕಿತು.

ಇರುವೆಗೂ ನೋವು ಮಾಡದ ಮನುಷ್ಯ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅದು ಬರಿಯ ಹೊಗಳಿಕೆಯಲ್ಲ. ಬಡಿದು ಹಗುರ ಮಾಡಿದ ಹತ್ತಿಯ ರಾಶಿಯ ಮೇಲೆ ಬೆಕ್ಕು ಮಲಗಿಬಿಟ್ಟರೆ, ಅದು ತಾನಾಗಿ ಏಳುವವರೆಗೆ ಅವರು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದರು. ಇದರ ಹಿಂದೊಂದು ಕಾರಣವೂ ಇತ್ತು. ಅವರ ಅಪ್ಪ ಈ ಕಸುಬನ್ನು ಹೊಡೆದೇ ಕಲಿಸಿದವರು. ಹೊಲಿಗೆ ಒಂದೆಳೆ ಓರೆಯಾದರೆ ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು. ತನ್ನ ಕೈ ಮಾತ್ರ ಮಕ್ಕಳ ಮೇಲೆ ಏಳಕೂಡದೆಂದು ತಾತ ಮದುವೆಗೆ ಮುಂಚೆಯೇ ನಿಶ್ಚಯಿಸಿಕೊಂಡಿದ್ದರು. ತಾಯಿಯಿಲ್ಲದ ಮಗಳನ್ನು ಒಂದು ಗದರಿಕೆಯೂ ಇಲ್ಲದೆ ಬೆಳೆಸಿದರು. ಅವಳು ಎಡವಿ ಅತ್ತರೆ ಹೊಸ್ತಿಲಿಗೆ ಏಟು ಬೀಳುತ್ತಿತ್ತು, ತಲೆ ತಗುಲಿಸಿಕೊಂಡರೆ ಮೇಜಿಗೆ. ಕಲ್ಲಿಗೂ ಮರಕ್ಕೂ ನೋವಿಲ್ಲವಲ್ಲ, ಮಗುವಿನ ಅಳು ನಿಂತರೆ ಸಾಕು ಎನ್ನುವುದು ಅವರ ಲೆಕ್ಕ.

ಆ ಮಗಳು ಈಗ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಅಳಿಯ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಹೀಗಾಗಿ ಬೆಳಿಗ್ಗೆ ಇಬ್ಬರು ಮಕ್ಕಳನ್ನೂ, ನಾಲ್ಕು ವರ್ಷದ ಬಂಗಾರಿಯನ್ನೂ ಇನ್ನೂ ಅಂಬೆಗಾಲಿಡುವ ಅವಳ ತಮ್ಮನನ್ನೂ, ಅಂಗಡಿಗೆ ತಂದು ಬಿಟ್ಟು ಹೋಗುತ್ತಿದ್ದಳು. ಮಕ್ಕಳು ಬಂದ ಮೇಲೆ ತಾತನ ನಡು ನೆಟ್ಟಗಾಯಿತೆಂದು ಬೀಗದವನು ಹಾಸ್ಯ ಮಾಡುತ್ತಿದ್ದ. ಸುಳ್ಳೇನಲ್ಲ. ಹೆಂಡತಿ ಹೋದ ಮೇಲೆ ಆ ಮನುಷ್ಯ ಬದುಕಿದ್ದು ಮಗಳಿಗಾಗಿ. ಅವಳು ಗಂಡನ ಮನೆ ಸೇರಿದ ಮೇಲೆ, ಈ ಇಬ್ಬರು ಬರುವವರೆಗೆ, ಸುಮ್ಮನೆ ದಿನ ನೂಕಿದ್ದರು ಅಷ್ಟೆ.

ಒಂದು ದಿನ ತಾತ ಹಾಸಿಗೆಯ ಅಂಚು ಹೊಲಿಯುತ್ತಿದ್ದರು. ದಬ್ಬಳಕ್ಕೆ ಪೋಣಿಸಿದ ಹುರಿ ಮುಗಿಯಿತು. ಹೊಸ ಉಂಡೆ ತರಲು ಒಳಗಿನ ಕೋಣೆಗೆ ಹೋದರು. ಬಂಗಾರಿಯ ತಮ್ಮ ತೆವಳಿಕೊಂಡು ಬಂದು ಅಕ್ಕನ ಜಡೆ ಹಿಡಿದು ಜಗ್ಗಿದ. ಕೂಸಿನ ಮುಷ್ಟಿಗೆ ಸಿಕ್ಕ ಕೂದಲು ಸುಲಭಕ್ಕೆ ಬಿಡಿಸಿಕೊಳ್ಳುವಂಥದ್ದಲ್ಲ. ಅವಳಿಗೆ ಕಣ್ಣಲ್ಲಿ ನೀರು ಬಂತು. ಬಿಡಿಸಿಕೊಂಡವಳೇ ಹೋಗಿ ಕೋಲನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಬಂದಳು.

ತಾತ ಉಂಡೆ ಹಿಡಿದು ಹೊರಗೆ ಬರುವ ಹೊತ್ತಿಗೆ ಕೂಸಿನ ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು. ಅದರ ಅಳು ಇನ್ನೂ ಗಂಟಲಿಂದ ಹೊರಟಿರಲಿಲ್ಲ. ಬಂಗಾರಿ ಕೋಲನ್ನು ಅದರ ಜಾಗದಲ್ಲಿ ಒರಗಿಸುತ್ತಿದ್ದಳು.

"ತಮ್ಮ ತಪ್ಪು ಮಾಡ್ದ, ತಾತ. ನಾನೇ ಹೊಡ್ದೆ. ನನಗೆ ನೋವು ಹೋಯ್ತು."

ಹೀಗೆ ಹೇಳಿ ಅವಳು ಅವರ ಮುಖ ನೋಡಿದಳು. ನೆಲಕ್ಕೆ ಹೊಡೆದಾಗೆಲ್ಲ ಅಲ್ಲೊಂದು ನಗು ಇರುತ್ತಿತ್ತಲ್ಲ, ಅದಕ್ಕಾಗಿ ಕಾದಳು.

ತಾತ ಬೀಗದವನನ್ನು ಕೂಗಿದರು. ಅವನು ಅಂಗಡಿ ತೆರೆದದ್ದು ತೆರೆದಂತೆಯೇ ಬಿಟ್ಟು ಕೂಸನ್ನು ಎದೆಗವಚಿಕೊಂಡು ವೈದ್ಯರಲ್ಲಿಗೆ ಓಡಿದ. ಕಣ್ಣು ಉಳಿಯಿತು. ಹುಬ್ಬಿಗೆ ಹೊಲಿಗೆ ಬಿತ್ತು. ಸುದ್ದಿ ತಿಳಿದು ಮಗಳು ಕೆಲಸದ ಬಟ್ಟೆಯಲ್ಲೇ ಅಂಗಡಿಗೆ ಬಂದಳು. ಪಟ್ಟಿ ಕಟ್ಟಿದ ಕೂಸನ್ನು ನೋಡಿದಳು, ಯಾರು ಹೊಡೆದದ್ದೆಂದು ಕೇಳಿದಳು, ಬಂಗಾರಿಯ ಕೆನ್ನೆಗೆ ಒಂದು ಬಿಟ್ಟಳು.

ಹುಡುಗಿ ಅಮ್ಮನನ್ನು ನೋಡಲಿಲ್ಲ. ತಾತನ ಹತ್ತಿರ ಓಡಿ ಬಂದು ಅವರ ಪಂಚೆ ಹಿಡಿದುಕೊಂಡಳು.

"ತಾತ, ಅಮ್ಮಂಗೆ ಹೊಡಿ."

ತಿರುಗಿ ನೋಡದೆಯೇ ಅಮ್ಮನ ಕಡೆ ಬೆರಳು ತೋರಿಸಿದಳು.

"ಅಮ್ಮ ನನಗೆ ನೋವು ಮಾಡಿದ್ಲು. ಹೊಡಿ ತಾತ."

ಅವಳು ಪಂಚೆಯನ್ನು ಜಗ್ಗಿ ಜಗ್ಗಿ ಕಾದಳು. ಕೊನೆಗೆ ಕೈಬಿಟ್ಟು, ಮೂಲೆಯ ಹತ್ತಿ ಮೂಟೆಗಳ ಹಿಂದೆ ಹೋಗಿ ಕುಳಿತಳು. ಆ ಮೇಲೆ ಅಳಲೂ ಇಲ್ಲ.

ಮಗಳು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದಳು. ಬಯ್ಯುತ್ತಾಳೆಂದು ತಾತ ಕಾಯುತ್ತಿದ್ದರು, ಬಯ್ಯಲಿಲ್ಲ.

"ನಾನು ಅತ್ತಾಗ್ಲೂ ಹೀಗೇ ಹೊಸ್ತಿಲಿಗೆ ಹೊಡೀತಿದ್ದೆ ಅಲ್ವಾ ಅಪ್ಪ?" ಎಂದಳು. "ನನಗೆ ಏನಾದ್ರೂ ನೋವಾದ್ರೆ ಮೊದಲು ಯಾರ್ದು ತಪ್ಪು ಅಂತ್ಲೇ ಹುಡುಕ್ತೀನಿ. ಕೈ ತಾನಾಗೇ ಏಳುತ್ತೆ. ನೀನು ಒಳ್ಳೆಯವನು. ಅದಕ್ಕೇ ಇದು ನಿನ್ನಿಂದ ಬಂದಿದ್ದು ಅಂತ ನನಗೆ ಗೊತ್ತೇ ಆಗ್ಲಿಲ್ಲ."

ಮರುದಿನದಿಂದ ಮಕ್ಕಳು ಆಸ್ಪತ್ರೆಯ ಪಕ್ಕದ ಶಿಶುವಿಹಾರಕ್ಕೆ ಹೋದರು. ತಾತ ಬೇಡವೆನ್ನಲಿಲ್ಲ. ಯಾವ ಬಾಯಿಂದ ಅಂದಾರು?

ಕೆಲವು ದಿನ ಕಳೆದ ಮೇಲೆ ಮಗಳ ಮನೆಗೆ ಹೋಗಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಹೇಳಲು ನೋಡಿದರು. ನೆಲ ಯಾವತ್ತೂ ಏನೂ ಮಾಡಿರಲಿಲ್ಲ, ಅದಕ್ಕೆ ಹೊಡೆದದ್ದು ತಾತನದೇ ತಪ್ಪು ಎಂದರು. ಅವಳು ಗಮನವಿಟ್ಟು ಕೇಳಿದಳು.

"ಮತ್ತೆ ನಾನು ಯಾಕೆ ಬಿದ್ದೆ?"

"ಓಡ್ತಿದ್ದೆ, ಬಿದ್ದೆ ಕಂದ."

"ಹಾಗಾದ್ರೆ ತಪ್ಪು ನಂದಾ?"

"ಯಾರ್ದೂ ಅಲ್ಲಮ್ಮ."

ಅವಳು ನಂಬಲಿಲ್ಲ. ಯಾರ ತಪ್ಪೂ ಇಲ್ಲದೆ ನೋವಾಗುವುದೆಂದರೆ ಏನೆಂದು ಆ ಮಗುವಿಗೆ ಅಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ. ತನ್ನನ್ನೇ ತಪ್ಪಿತಸ್ಥೆ ಮಾಡುತ್ತಿದ್ದಾರೆಂದು ತಿಳಿದು ಎದ್ದು ಹೋದಳು.

ತಾತ ಈಗಲೂ ಹಾಸಿಗೆ ಹೊಲಿಯುತ್ತಾರೆ. ರಜೆಯ ದಿನ ಅಂಗಡಿಗೆ ಬಾಗಿಲು ಹಾಕಿ ಮಗಳ ಮನೆಗೆ ಹೋಗಿ, ಮೆಟ್ಟಿಲ ಮೇಲೆ ಕೂರುತ್ತಾರೆ. ನಡೆಯಲು ಕಲಿತಿರುವ ಮೊಮ್ಮಗ ಅವರ ತೊಡೆಯ ಮೇಲೆ ಹತ್ತಿ ಇಳಿಯುತ್ತಾನೆ. ಬಂಗಾರಿ ಅಂಗಳದಲ್ಲಿ ಆಡುತ್ತಾಳೆ, ಕರೆದರೆ ಬರುತ್ತಾಳೆ, ಕೊಟ್ಟ ತಿಂಡಿ ತಿನ್ನುತ್ತಾಳೆ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳುತ್ತಾಳೆ. ಬಿದ್ದು ಮೊಣಕಾಲು ತರಚಿಕೊಂಡರೆ ಮಾತ್ರ ತಾತನ ಕಡೆ ನೋಡುವುದಿಲ್ಲ. ಅವರ ಪಕ್ಕದಿಂದ ಹಾದು ಒಳಗೆ ಹೋಗಿ ನಲ್ಲಿ ತಿರುಗಿಸುತ್ತಾಳೆ. ತಾತ ಕಷ್ಟಪಟ್ಟು ಎದ್ದು ಹಿಂದೆಯೇ ಹೋಗುತ್ತಾರೆ; ಅವಳು ಗಾಯ ತೊಳೆದು ಮುಗಿಸುವವರೆಗೆ ಒಣ ಬಟ್ಟೆಯೊಂದನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.